ಅಂಕೋಲಾ ತಾಲ್ಲೂಕು: ಆಡಳಿತದ ಇತಿಹಾಸ

ಅಂಕೋಲಾ ಉತ್ತರ ಕನ್ನಡ ಜಿಲ್ಲೆಯ ಕರಾವಳಿ ತಾಲ್ಲೂಕುಗಳಲ್ಲೊಂದು. ಉತ್ತರಕ್ಕೆ ಕಾರವಾರ, ದಕ್ಷಿಣಕ್ಕೆ ಕುಮಟಾ, ಪೂರ್ವಕ್ಕೆ ಘಟ್ಟ ಹತ್ತಿದರೆ ಯಲ್ಲಾಪುರ. ಜಿಲ್ಲಾಕೇಂದ್ರವೂ ಬಂದರೂ ಆದ ಕಾರವಾರ ಇಲ್ಲಿಗೆ ಸುಮಾರು 35 ಕಿ.ಮೀ. ಗದ್ದೆ, ಕಾಡು, ಮೀನುಗಾರಿಕೆಗಳನ್ನು ನಂಬಿದ ಈ ತಾಲ್ಲೂಕು ಯಾವ ಸರ್ಕಾರಕ್ಕೆ ಕಂದಾಯ ಕಟ್ಟಬೇಕೆಂಬುದನ್ನು ಒಮ್ಮೆಯಂತೂ ನೆರೆಯ ಬಂದರೇ ತೀರ್ಮಾನಿಸಿತು.

ಬಿಜಾಪುರದ ಸುಲ್ತಾನರು, ಸೋದೆಯ ಅರಸರು ಇಲ್ಲಿ ಅಧಿಕಾರ ನಡೆಸಿದವರು. 1665ರಲ್ಲಿ ಬಸರೂರಿನ ದಂಡಯಾತ್ರೆ ಮುಗಿಸಿದ ಶಿವಾಜಿ ಗೋಕರ್ಣ, ಅಂಕೋಲಾಗಳ ಮೂಲಕ ಕಾರವಾರಕ್ಕೆ ಹೋದ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಬೆನ್ನಿಗೇ ಸೋದೆಯೂ ಕೈತಪ್ಪಿ, ಅಲ್ಲಿನ ಅರಸ ಗೋವೆಯ ಪೋರ್ಚುಗೀಸರ ಆಶ್ರಯ ಪಡೆದ. 1799ರಲ್ಲಿ ಟಿಪ್ಪು ಮಡಿದ ಮೇಲೆ ಕರಾವಳಿ ಇಂಗ್ಲಿಷ್ ಕಂಪನಿಯ ಪಾಲಾಯಿತು. ಥಾಮಸ್ ಮನ್ರೋ ಕೆನರಾದ ಮೊದಲ ಕಲೆಕ್ಟರ್. 1801ರಲ್ಲಿ ಈ ದಾರಿಯಾಗಿ ಸಾಗಿದ ಫ್ರಾನ್ಸಿಸ್ ಬುಕಾನನ್ ಗಂಗಾವಳಿ ಹೊಳೆಯನ್ನು ಹೈಗ ಮತ್ತು ಕೊಂಕಣಗಳ ನಡುವಿನ ಎಲ್ಲೆಯೆಂದು ಗುರುತಿಸಿದ.

ಆಗ ಇಡೀ ಕೆನರಾ ಮದ್ರಾಸ್ ಪ್ರಾಂತದಲ್ಲಿತ್ತು. 1860ರ ಹೊತ್ತಿಗೆ ಅದನ್ನು ಉತ್ತರ, ದಕ್ಷಿಣವೆಂದು ಒಡೆಯಲಾಯಿತು. ಎರಡೇ ವರ್ಷಗಳಲ್ಲಿ, 1862ರಲ್ಲಿ, ಉತ್ತರ ಭಾಗ ಮುಂಬಯಿ ಪ್ರಾಂತಕ್ಕೆ ಹೋಯಿತು. ಕುಂದಾಪುರವನ್ನು ಮಾತ್ರ ದಕ್ಷಿಣ ಕೆನರಾಕ್ಕೆ ಬಿಟ್ಟುಕೊಟ್ಟರು. ಜಿಲ್ಲಾ ಕಚೇರಿ ಹೊನ್ನಾವರದಿಂದ ಕಾರವಾರಕ್ಕೆ ಬಂತು. ಈ ಅವಸರದ ಹಿಂದೆ ಹತ್ತಿಯ ಲೆಕ್ಕಾಚಾರವಿತ್ತು. ಅಮೆರಿಕದ ಅಂತರ್ಯುದ್ಧದಿಂದ ಲಂಕಾಷೈರಿನ ಗಿರಣಿಗಳಿಗೆ ಹತ್ತಿ ಸಿಗದಾದಾಗ ಧಾರವಾಡ ಸೀಮೆಯ ಹತ್ತಿಯನ್ನು ಸದಾಶಿವಗಡ–ಕಾರವಾರದಿಂದ ಹಡಗೇರಿಸುವ ಆಸೆ ವರ್ತಕರಿಗೆ ಹುಟ್ಟಿತು. ಹತ್ತಿ ಬೆಳೆಯುವ ನೆಲ ಮುಂಬಯಿಯದು, ಬಂದರು ಮದ್ರಾಸಿನದು ಎಂಬ ತೊಡಕನ್ನು ಬಿಡಿಸಲು ಜಿಲ್ಲೆಯನ್ನೇ ವರ್ಗಾಯಿಸಿದರು. ಅಂಕೋಲೆಯ ರೈತರನ್ನು ಯಾರೂ ಕೇಳಿದಂತಿಲ್ಲ. ಕೊನೆಗೆ 1880ರ ದಶಕದಲ್ಲಿ ರೈಲು ಹೋದದ್ದು ಪೋರ್ಚುಗೀಸರ ಮಾರ್ಮಗೋವೆಗೆ. ಕಾರವಾರ ಬಂದರಿನ ಕನಸು ಕುಗ್ಗಿತು. ಜಿಲ್ಲೆ ಮಾತ್ರ ಮುಂಬಯಿಯಡಿ 94 ವರ್ಷ ಉಳಿಯಿತು.

ಮುಂಬಯಿ ಸರ್ಕಾರವೆಂದರೆ ಹಳ್ಳಿಗರಿಗೆ ಮಾಮಲೇದಾರ ಕಚೇರಿ, ಕಂದಾಯದ ಕಂತು, ಕಾಡಿನ ಕಟ್ಟುಪಾಡು. ಹಾಲಕ್ಕಿ ಒಕ್ಕಲಿಗರಿಗಾದರೋ ಗೌಡ, ಬುದ್ಧಿವಂತ, ಕೋಲಕಾರರಿದ್ದ ತಮ್ಮದೇ ಸೀಮೆಯ ನ್ಯಾಯವ್ಯವಸ್ಥೆಯಿತ್ತು. ಸರ್ಕಾರದೊಡನೆ ನೇರ ಘರ್ಷಣೆಯಾದದ್ದು 1930ರ ಏಪ್ರಿಲ್ 13ರಂದು, ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಇಲ್ಲಿ ಉಪ್ಪಿನ ಕಾಯ್ದೆ ಮುರಿದಾಗ. ಮುಂದೆ ಕರನಿರಾಕರಣೆ ನಡೆಯಿತು. ಕಂದಾಯ ಕೊಡದವರ ಜಮೀನು, ಚರಾಸ್ತಿಗಳು ಜಪ್ತಿಯಾದವು; ಜನ ಜೈಲಿಗೆ ಹೋದರು. ತಾಲ್ಲೂಕಿಗೆ ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರು ಬಂದದ್ದು ಹೀಗೆ. 1937ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಬಳಿಕ ಜಪ್ತಿಯಾದ ಭೂಮಿಯನ್ನು ಮರಳಿಸಲು ಕಾನೂನು ಮಾಡಲಾಯಿತು.

ಕಂದಾಯದ ಹೋರಾಟದಲ್ಲಿ ಮುಂದಿದ್ದವರು ಹೆಚ್ಚಾಗಿ ಜಮೀನುಳ್ಳವರು. ಗೇಣಿದಾರರ ಅಳಲಿಗೆ ದನಿ ಸಿಕ್ಕಿದ್ದು ಕವಿ ದಿನಕರ ದೇಸಾಯಿಯವರ ರೈತ ಚಳವಳಿಯಲ್ಲಿ. ಅದಕ್ಕಾಗಿ ಸರ್ಕಾರ ಅವರನ್ನು ಜಿಲ್ಲೆಯಿಂದ ಗಡಿಪಾರು ಮಾಡಿತು. ಗೇಣಿ ಪದ್ಧತಿ ಕಾನೂನಿನಲ್ಲಿ ಕೊನೆಗೊಂಡದ್ದು 1974ರ ಭೂಸುಧಾರಣೆಯಿಂದ.

1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮಹಾರಾಷ್ಟ್ರ ಹಕ್ಕು ಸಾಧಿಸಿದ್ದು ಕಾರವಾರ, ಹಳಿಯಾಳ, ಸೂಪಾಗಳ ಮೇಲೆ. ಗಡಿ ತಂಟೆ ಅಂಕೋಲೆಯನ್ನು ನೇರವಾಗಿ ತಟ್ಟಲಿಲ್ಲ. 1967ರ ಮಹಾಜನ ಆಯೋಗ ಕಾರವಾರವನ್ನು ಮೈಸೂರಿನಲ್ಲೇ ಉಳಿಸಿತು.

ಇಂದು ಅಂಕೋಲಾ ಕಂದಾಯಕ್ಕೆ ಕುಮಟಾ ಉಪವಿಭಾಗದಲ್ಲಿದೆ, ಮತಕ್ಕೆ ಕಾರವಾರದೊಂದಿಗಿದೆ: 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಅಂಕೋಲಾ ವಿಧಾನಸಭಾ ಕ್ಷೇತ್ರ ಅಳಿದು, ತಾಲ್ಲೂಕು ಕಾರವಾರ ಕ್ಷೇತ್ರಕ್ಕೆ ಸೇರಿತು. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗೆ ಎರಡೂ ತಾಲ್ಲೂಕುಗಳ ಕಡಲಂಚಿನ ಹಳ್ಳಿಗರು ನೆಲ ಬಿಟ್ಟರು. ನೆಲೆ 2005ರಲ್ಲಿ ಕಾರ್ಯಾರಂಭ ಮಾಡಿದರೂ ಪರಿಹಾರದ ದಾವೆಗಳು ಮತ್ತೂ ಬಹುಕಾಲ ನಡೆದವು. ಕೇಣಿಯಲ್ಲಿ ಯೋಜಿಸಿರುವ ಹೊಸ ವಾಣಿಜ್ಯ ಬಂದರಿಗೆ ಸ್ಥಳೀಯ ಮೀನುಗಾರರ ವಿರೋಧವಿದೆ.