ಒಂದೇ ಕೈಯ ಕೆಲಸಗಾರ

ನಮ್ಮ ಶಾಲೆಯ ಮೆಟ್ಟಿಲ ಬಳಿ ಪೋಲಿಯೊ ಆಗಿದ್ದ ಹುಡುಗನೊಬ್ಬ, ಯಾರಾದರೂ ಎತ್ತಿಕೊಂಡು ಹೋಗಲಿ ಎಂದು ದಿನವೂ ಕಾಯುತ್ತಿದ್ದ. 'ಪಾಪ' ಎನ್ನುತ್ತಿದ್ದವರಲ್ಲಿ ನಾನೂ ಒಬ್ಬಳು. ಕಾಬೂಲಿನ ಕಥೆ ಓದಿದಾಗ ನೆನಪಾದವನು ಅವನೇ.

ಅಲ್ಲಿ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿ 1988ರಲ್ಲಿ ಕೃತಕ ಕೈಕಾಲುಗಳ ಕೇಂದ್ರ ತೆರೆಯಿತು. ವಕೀಲಿ ಬಿಟ್ಟು ಫಿಸಿಯೋಥೆರಪಿ ಹಿಡಿದ ಇಟಲಿಯ ಆಲ್ಬರ್ಟೊ ಕೈರೊ 1990ರಲ್ಲಿ ಬಂದರು. ನೆಲಬಾಂಬು ಸೈನಿಕನ ಕಾಲನ್ನಷ್ಟೇ ಅಲ್ಲ, ಕುರಿ ಕಾಯುವ ಮಗುವಿನ ಕಾಲನ್ನೂ ಕಸಿಯುತ್ತಿತ್ತು.

ಅಂತರ್ಯುದ್ಧದ ದಿನಗಳಲ್ಲೊಮ್ಮೆ, ಗುಂಡು ಹಾರುತ್ತಿದ್ದ ಬೀದಿಯಲ್ಲಿ, ಎರಡು ಕಾಲೂ ಒಂದು ಕೈಯೂ ಇಲ್ಲದವನೊಬ್ಬ ಗಾಲಿಕುರ್ಚಿಯಲ್ಲಿ ಕಂಡ. ತಳ್ಳುತ್ತಿದ್ದವನು ಅವನ ಎಳೆಯ ಮಗ. ಮುಂದೆ ಕೇಂದ್ರದಲ್ಲಿ ಕಾಲು ಪಡೆದು ನಡೆಯಲು ಕಲಿತ. ಕಲಿತವನೇ, ಕೆಲಸ ಕೊಡಿ ಎಂದ. ಒಂಟಿ ಕೈಯವನಿಂದ ಕಾರ್ಖಾನೆ ಕೆಲಸವೇ ಎಂದು ಕೈರೊ ಅನುಮಾನಿಸಿದರು. (ನಾನಾಗಿದ್ದರೂ ಅಷ್ಟೆ.) ಒಂದು ವಾರದಲ್ಲಿ ಉತ್ಪಾದನೆಯೇ ಏರಿತ್ತು!

ಆಮೇಲೆ ಅಲ್ಲಿ ಅಂಗವಿಕಲರಿಗೇ ತರಬೇತಿ, ಅವರಿಗೇ ನೌಕರಿ. ಕಾಲು ಕಳೆದುಕೊಂಡ ಹುಡುಗಿಗೆ ಹೆಜ್ಜೆ ಕಲಿಸುವವಳಿಗೂ ಕೃತಕ ಕಾಲು. ಮಕ್ಕಳಿಗೆ ಮನೆಪಾಠ, ಹರೆಯದವರಿಗೆ ಕಸುಬು, ಅಂಗಡಿ ಇಡಲು ಸಣ್ಣ ಸಾಲ. ಸರ್ಕಾರಗಳು ಉರುಳಿದವು, ಕೆಲಸ ನಡೆಯಿತು.

ನಮ್ಮ ಮೆಟ್ಟಿಲ ಪಕ್ಕ ಇಳಿಜಾರು ಕಟ್ಟಿಸಿ ಎಂದು ನಾನು ಒಂದು ಅರ್ಜಿಯನ್ನೂ ಬರೆಯಲಿಲ್ಲ. ಆ ಹುಡುಗ ಏಳನೆಯ ತರಗತಿಗೇ ಶಾಲೆ ಬಿಟ್ಟ.