ತೆರೆಯ ಮರೆಯ ಸೇವಕರು

ಗಣಕಯಂತ್ರದ ಗುಂಡಿ ಒತ್ತಿದರೆ ತೆರೆಯ ಮೇಲೆ ಚಿತ್ರ ಮೂಡುವುದಷ್ಟೇ ನಮಗೆ ಕಾಣುತ್ತದೆ. ಆದರೆ ಅಷ್ಟರೊಳಗೆ ಜಾಲಸಂಪರ್ಕಕ್ಕೊಂದು, ಮುದ್ರಣಕ್ಕೊಂದು, ಧ್ವನಿಗೊಂದು ಎಂಬಂತೆ ಹಲವು ಸೇವಕರು ಸದ್ದಿಲ್ಲದೆ ಎದ್ದು ಕೆಲಸಕ್ಕೆ ನಿಂತಿರುತ್ತಾರೆ. ಇವರಿಗೆ 'ಡೀಮನ್' ಎಂದು ಹೆಸರು. ವಿಜ್ಞಾನಿ ಮ್ಯಾಕ್ಸ್‌ವೆಲ್ ಕಲ್ಪಿಸಿದ, ಅಣುಗಳನ್ನು ವಿಂಗಡಿಸುವ ಭೂತವನ್ನು ನೆನೆದು ಅಮೆರಿಕದ ಎಂ.ಐ.ಟಿ. ಸಂಸ್ಥೆಯವರು 1960ರ ದಶಕದಲ್ಲಿ ಇಟ್ಟ ಹೆಸರು ಅದು. ಈ ಭೂತಗಳನ್ನು ಎಬ್ಬಿಸುವವರು ಯಾರು? ಯಾವ ಸರದಿಯಲ್ಲಿ? ಈ ಪ್ರಶ್ನೆಗೆ ಒಂದು ಇತಿಹಾಸವುಂಟು. ಒಂದು ಜಗಳವೂ ಉಂಟು.

1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಆರಂಭವಾದ ಯುನಿಕ್ಸ್ ಪದ್ಧತಿಯಲ್ಲಿ ಈ ಕೆಲಸ 'ಇನಿಟ್' ಎಂಬ ಯಜಮಾನನದು. ಅದರ ಕ್ರಮಾಂಕ 1. 1983ರ 'ಸಿಸ್ಟಮ್ ಫೈವ್' ಯುನಿಕ್ಸ್‌ನಲ್ಲಿ ಪ್ರತಿ ಸೇವಕನಿಗೂ ಒಂದು ಆಜ್ಞಾಪತ್ರ, ಅದರ ಹೆಸರಿನಲ್ಲಿ ಒಂದು ಅಂಕಿ. ಅಂಕಿಯ ಸರದಿಯಂತೆ ಒಬ್ಬರ ಹಿಂದೊಬ್ಬರು ಏಳಬೇಕು. 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕೂಡ ಬಹುಕಾಲ ಈ ದಾರಿಯಲ್ಲೇ ನಡೆಯಿತು. ಆಜ್ಞಾಪತ್ರವನ್ನು ಬಲ್ಲವರು ಯಾರೂ ಓದಿ ತಿದ್ದಬಹುದಾಗಿದ್ದುದು ಅದರ ಗುಣ; ಮುಂದಿನವನು ತಡಮಾಡಿದರೆ ಹಿಂದಿನವರೆಲ್ಲ ಕಾಯಬೇಕಾದುದು ಅದರ ದೋಷ.

ಈ ದೋಷವನ್ನು ನೀಗಲು 2006ರಲ್ಲಿ ಉಬುಂಟು ಬಳಗದವರು 'ಅಪ್‌ಸ್ಟಾರ್ಟ್' ತಂದರು. 2010ರಲ್ಲಿ ಲೆನಾರ್ಟ್ ಪೊಟ್ಟರಿಂಗ್ ಮತ್ತು ಕೇ ಸೀವರ್ಸ್ 'ಸಿಸ್ಟಮ್‌ಡಿ'ಯನ್ನು ಮುಂದಿಟ್ಟರು. ಇಲ್ಲಿ ಅಂಕಿಯ ಸರದಿಯಿಲ್ಲ. ತನಗೆ ಯಾರು ಬೇಕು, ಯಾರ ನಂತರ ಏಳಬೇಕು ಎಂಬುದನ್ನು ಪ್ರತಿ ಸೇವಕನೂ ಹೇಳಿಕೊಳ್ಳುತ್ತಾನೆ. ಪರಸ್ಪರ ಹಂಗಿಲ್ಲದವರು ಏಕಕಾಲಕ್ಕೆ ಏಳುತ್ತಾರೆ. ಕೆಲವರು ಕರೆ ಬರುವವರೆಗೂ ಮಲಗಿರುತ್ತಾರೆ. ನಡುವೆ ಬಿದ್ದವನನ್ನು ಯಜಮಾನನೇ ಮತ್ತೆ ಎಬ್ಬಿಸಬಲ್ಲ.

ಆದರೆ ದಿನಚರಿ ಬರೆಯುವುದರಿಂದ ಹಿಡಿದು ಬಂದವರ ಲೆಕ್ಕವಿಡುವವರೆಗೆ ಇಷ್ಟೊಂದು ಅಧಿಕಾರ ಒಂದೇ ಬಳಗದ ಕೈ ಸೇರಬಹುದೇ? ಒಂದು ಉಪಕರಣಕ್ಕೆ ಒಂದೇ ಕೆಲಸವೆಂಬ ಯುನಿಕ್ಸ್ ಧರ್ಮವನ್ನು ನಂಬಿದವರು ಸಿಡಿದೆದ್ದರು. 2014ರ ಫೆಬ್ರವರಿಯಲ್ಲಿ ಡೆಬಿಯನ್ ಬಳಗದ ತಾಂತ್ರಿಕ ಸಮಿತಿಯಲ್ಲಿ ಸಿಸ್ಟಮ್‌ಡಿ, ಅಪ್‌ಸ್ಟಾರ್ಟ್‌ಗಳಿಗೆ ಮತ ಸಮಸಮವಾಗಿ, ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಗೆದ್ದಿತು. ಒಪ್ಪದವರು 'ದೇವುವಾನ್' ಎಂಬ ಬೇರೆ ಮನೆ ಹೂಡಿದರು. ಅದರ ಮೊದಲ ಸ್ಥಿರ ಆವೃತ್ತಿ 2017ರಲ್ಲಿ ಬಂತು.

ಹಾಗೆಂದು ಯಂತ್ರದ ಒಡೆಯನ ಹಕ್ಕು ಹೋಗಿಲ್ಲ. 'ಸಿಸ್ಟಮ್‌ಸಿಟಿಎಲ್' ಎಂಬ ಆಜ್ಞೆಯೊಡನೆ 'ಎನೇಬಲ್' ಎಂದರೆ ಸೇವಕ ಯಂತ್ರದೊಡನೆ ಏಳುತ್ತಾನೆ. 'ಡಿಸೇಬಲ್' ಎಂದರೆ ತಾನಾಗಿ ಏಳನು, ಬೇರೊಬ್ಬ ಕರೆದರೆ ಏಳಬಹುದು. 'ಮಾಸ್ಕ್' ಎಂದರೆ ಯಾರು ಕರೆದರೂ ಏಳನು. ಸರದಿಯ ಚಿಂತೆ ಯಂತ್ರಕ್ಕಿರಲಿ. ಯಾರು ಏಳಬೇಕೆಂಬ ತೀರ್ಮಾನವನ್ನು ಒಡೆಯ ತಾನೇ ಉಳಿಸಿಕೊಳ್ಳುವುದು ಲೇಸು.