ಮಂಡಿಯ ಲಿಗಮೆಂಟ್ ಹರಿದ ಮೇಲೆ ತೊಡೆ ಸಣ್ಣಗಾಗುವುದೇಕೆ? ಕಾಲು ಸೂಪು, ಎಣ್ಣೆ ನೀವಿದರೆ ಸರಿಹೋಗುತ್ತದೆಯೇ?

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಮಂಡಿಗೆ ಪೆಟ್ಟು ಬೀಳಲು ಕಾರಣಗಳಿಗೆ ಬರವಿಲ್ಲ. ಹಬ್ಬದ ಕಬಡ್ಡಿ, ಗದ್ದೆ ಬದುವಿನ ಮೇಲೆ ಜಾರುವುದು, ಕಬ್ಬಿನ ಲೋಡು ಹತ್ತಿ ಇಳಿಯುವುದು, ಬೈಕು ಸ್ಕಿಡ್ ಆಗುವುದು. ತಿಂಗಳು ಕಳೆಯುವಷ್ಟರಲ್ಲಿ ನೋವು, ಊತ ಎರಡೂ ತಗ್ಗುತ್ತವೆ. ಆಮೇಲೆ ಒಂದು ದಿನ ಚಡ್ಡಿ ಹಾಕಿಕೊಂಡು ಕೂತಾಗ ಕಣ್ಣಿಗೆ ಬೀಳುತ್ತದೆ: ಪೆಟ್ಟಾದ ಕಾಲಿನ ತೊಡೆ ಇನ್ನೊಂದಕ್ಕಿಂತ ಸಣ್ಣಗಾಗಿದೆ! "ನರ ಒಣಗಿದೆ", "ರಕ್ತ ಓಡುತ್ತಿಲ್ಲ" ಎಂದು ಮನೆಯವರು ಗಾಬರಿಯಾಗುತ್ತಾರೆ. ವಾಟ್ಸಾಪಿನಲ್ಲಿ ಕಾಲು ಸೂಪು, ಎಣ್ಣೆ, ಕಟ್ಟು, ವಿಶ್ರಾಂತಿ ಎಂದು ಸಲಹೆಗಳು ಬಂದು ಬೀಳುತ್ತವೆ.

ಹೆಚ್ಚಿನವರಲ್ಲಿ ನರ ಒಣಗಿರುವುದಿಲ್ಲ, ರಕ್ತವೂ ನಿಂತಿರುವುದಿಲ್ಲ. ಆಗಿರುವುದು ಬೇರೆ.

ಮೋಟರ್ ಸುಟ್ಟಿಲ್ಲ, ಸ್ಟಾರ್ಟರ್ ಟ್ರಿಪ್ ಆಗಿದೆ

ತೊಡೆ ಮೂಳೆ ಮತ್ತು ಮೊಣಕಾಲಿನ ಮೂಳೆ ಒಂದರ ಮೇಲೊಂದು ಜಾರದಂತೆ ಹಿಡಿದಿಡಲು ಮಂಡಿಯೊಳಗೆ ಹಗ್ಗದಂಥ ಲಿಗಮೆಂಟುಗಳಿವೆ. ಹೆಚ್ಚು ಸುದ್ದಿಯಾಗುವುದು ಮುಂಭಾಗದ ಎಸಿಎಲ್. ಓಡುತ್ತಿದ್ದವರು ಗಕ್ಕನೆ ನಿಂತು ತಿರುಗಿದಾಗ 'ಟಪ್' ಎಂದ ಹಾಗಾಗಿ, ಕೆಲವೇ ಗಂಟೆಗಳಲ್ಲಿ ಮಂಡಿ ಊದಿಕೊಂಡರೆ ಇದೇ ಹರಿದಿರುವ ಸಾಧ್ಯತೆ ಹೆಚ್ಚು.

ಮಂಡಿಯೊಳಗೆ ರಕ್ತ, ನೀರು ತುಂಬಿದಾಗ ಅಲ್ಲಿನ ನರತುದಿಗಳು ಬೆನ್ನುಹುರಿಗೆ ಸಂದೇಶ ಕಳಿಸುತ್ತವೆ. ಬೆನ್ನುಹುರಿ ತೊಡೆಯ ಮುಂಭಾಗದ ದೊಡ್ಡ ಸ್ನಾಯು ಕ್ವಾಡ್ರಿಸೆಪ್ಸ್‌ಗೆ ಹೋಗುವ ಆದೇಶವನ್ನು ತಗ್ಗಿಸುತ್ತದೆ. ನೀವು ಎಷ್ಟೇ ಮನಸ್ಸು ಮಾಡಿದರೂ ಸ್ನಾಯು ಪೂರ್ತಿ ಬಿಗಿಯಾಗುವುದಿಲ್ಲ. ಪಂಪ್‌ಸೆಟ್ ಇರುವವರಿಗೆ ಇದು ಸುಲಭವಾಗಿ ಅರ್ಥವಾದೀತು: ಮೋಟರ್ ಚೆನ್ನಾಗಿಯೇ ಇದೆ, ಸ್ಟಾರ್ಟರ್ ಮಾತ್ರ ಪದೇ ಪದೇ ಟ್ರಿಪ್ ಆಗುತ್ತಿದೆ. ಪೆಟ್ಟೇ ಆಗದ, ನೋವೂ ಇಲ್ಲದ ಆರೋಗ್ಯವಂತರ ಮಂಡಿಗೆ ಸ್ವಲ್ಪ ಸಲೈನ್ ಚುಚ್ಚಿ ನೋಡಿದಾಗಲೂ ಈ ಸ್ನಾಯು ಮಂಕಾಗುವುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಅಂದರೆ ನೋವು ಇಲ್ಲದಿದ್ದರೂ ಊತವೊಂದೇ ಸಾಕು.

ಇದರ ಮೇಲೆ ಬಳಕೆ ಇಲ್ಲದ ಸವೆತ ಸೇರುತ್ತದೆ. ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ ಆರೋಗ್ಯವಂತ ಯುವಕರ ಒಂದು ಕಾಲಿಗೆ ಪಟ್ಟಿ ಹಾಕಿ ಅಲುಗಾಡದಂತೆ ಇಟ್ಟು, 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಐದೇ ದಿನದಲ್ಲಿ ಕ್ವಾಡ್ರಿಸೆಪ್ಸ್ ಗಾತ್ರ ಸುಮಾರು 3.5%, ಶಕ್ತಿ 9% ಕುಸಿದಿತ್ತು. ಹದಿನಾಲ್ಕು ದಿನಕ್ಕೆ ಗಾತ್ರ ಸುಮಾರು 8%, ಶಕ್ತಿ 23% ಇಳಿದಿತ್ತು. ಇವರು ಪೆಟ್ಟಾಗದವರು ಎಂಬುದನ್ನು ಮರೆಯಬೇಡಿ. ಶಕ್ತಿ ಕುಸಿಯುವ ವೇಗ ಗಾತ್ರಕ್ಕಿಂತ ಎಷ್ಟು ಹೆಚ್ಚಿದೆ ನೋಡಿ. ಹಾಗಾಗಿ ಕಾಲು ನೋಡಲು ಅಷ್ಟೇನೂ ಸಣ್ಣಗಾಗಿಲ್ಲ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ.

ಫಾರ್ವರ್ಡ್ ಸಲಹೆಗಳ ಕಥೆ

ಕಾಲು ಸೂಪು ಕುಡಿದರೆ ಕಾಲು ಬರುತ್ತದೆ ಎಂಬುದು ಎಲ್ಲಕ್ಕಿಂತ ಜನಪ್ರಿಯ. ಸೂಪು ರುಚಿಯಾಗಿರುತ್ತದೆ, ಕುಡಿಯಿರಿ, ಬೇಡ ಎನ್ನುವವರಿಲ್ಲ. ಆದರೆ ಅದರಲ್ಲಿರುವ ಪ್ರೋಟೀನ್ ಬಹುಪಾಲು ಜೆಲಟಿನ್. ದೇಹಕ್ಕೆ ಹೊರಗಿನಿಂದಲೇ ಬೇಕಾದ ಟ್ರಿಪ್ಟೋಫಾನ್ ಎಂಬ ಅಮೈನೋ ಆಮ್ಲ ಜೆಲಟಿನ್‌ನಲ್ಲಿ ಇಲ್ಲ. ಸ್ನಾಯು ಕಟ್ಟಲು ಮೊಟ್ಟೆ, ಮಾಂಸ, ಮೀನು, ಹಾಲು, ಮೊಸರು, ಕಾಳುಗಳೇ ಮೇಲು. ಈ ಹೊತ್ತಿನಲ್ಲಿ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.6 ಗ್ರಾಂ ಪ್ರೋಟೀನ್ ಬೇಕಾಗುತ್ತದೆ ಎಂಬುದು ಸಾಮಾನ್ಯ ಲೆಕ್ಕ. 60 ಕಿಲೋ ತೂಗುವವರಿಗೆ 72ರಿಂದ 96 ಗ್ರಾಂ. ಕಿಡ್ನಿ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಹೆಚ್ಚಿಸಬೇಕು.

ನಮ್ಮ ಊಟದಲ್ಲಿ ಇದು ಹೊಂದುತ್ತದೆಯೇ? ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 7 ಗ್ರಾಂ, ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ನೂರು ಗ್ರಾಂ ಒಣ ಹುರುಳಿಕಾಳಿನಲ್ಲಿ ಸುಮಾರು 22 ಗ್ರಾಂ ಇರುತ್ತದೆ. ಮುದ್ದೆ ನುಂಗಿ ತಿಳಿ ಸಾರು ಕುಡಿದು ಎದ್ದರೆ ಲೆಕ್ಕ ತಲುಪುವುದಿಲ್ಲ. ಬಸ್ಸಾರು ಮಾಡಿದ ದಿನ ಪ್ರೋಟೀನ್ ಹೆಚ್ಚಾಗಿ ಇರುವುದು ಬಸಿದ ಕಾಳಿನ ಪಲ್ಯದಲ್ಲಿ. ಅದನ್ನು ಪೆಟ್ಟಾದವರ ತಟ್ಟೆಗೆ ಧಾರಾಳವಾಗಿ ಬಡಿಸಿ. ಆದರೆ ಎಷ್ಟೇ ತಿಂದರೂ ಸ್ನಾಯುವಿಗೆ ಕೆಲಸ ಕೊಡದಿದ್ದರೆ ಅದು ಬೆಳೆಯುವುದಿಲ್ಲ.

ಎಣ್ಣೆ ನೀವಿಸಿಕೊಂಡರೆ ಹಾಯೆನಿಸಬಹುದು, ಆದರೆ ಸ್ನಾಯುವಿನ ಗಾತ್ರ ಹೆಚ್ಚುವುದಿಲ್ಲ. ಮಂಡಿ ಬಿಸಿಯಾಗಿ ಊದಿರುವಾಗ ಗಟ್ಟಿಯಾಗಿ ತಿಕ್ಕಿಸಿಕೊಳ್ಳಲೇಬೇಡಿ.

ನಾಟಿ ಕಟ್ಟಿನ ವಿಷಯದಲ್ಲಿ ಸ್ವಲ್ಪ ಖಡಕ್ಕಾಗಿಯೇ ಹೇಳಬೇಕು. ಕಟ್ಟು ಹಾಕಿದರೆ ಪೂರ್ತಿ ಹರಿದ ಎಸಿಎಲ್ ಕೂಡಿಕೊಳ್ಳುತ್ತದೆ ಎಂದು ನಂಬಲು ಆಧಾರವಿಲ್ಲ. ವಾರಗಟ್ಟಲೆ ಬಿಗಿಯಾಗಿ ಕಟ್ಟಿದರೆ ಏನಾಗುತ್ತದೆ ಎಂಬುದನ್ನು ಮಾಸ್ಟ್ರಿಕ್ಟ್‌ನ ಲೆಕ್ಕವೇ ಹೇಳುತ್ತದೆ. ಮಂಡಿ ಬೇರೆ ಪೆಡಸಾಗಿ ನೇರವಾಗದೆ ಉಳಿಯಬಹುದು. "ಮೂರು ತಿಂಗಳು ಮಂಚ ಬಿಟ್ಟು ಇಳಿಯಬೇಡ" ಎಂಬ ಪ್ರೀತಿಯ ಸಲಹೆಯೂ ಇದೇ ಹಾನಿ ಮಾಡುತ್ತದೆ.

ನಡೆದಾಡಿದರೆ ಸಾಕಲ್ಲವೇ? ಸಾಲದು. ಕುಂಟುತ್ತಾ ನಡೆಯುವವರು ಪೆಟ್ಟಾದ ಕಾಲಿನ ಭಾರವನ್ನು ಇನ್ನೊಂದರ ಮೇಲೆ ಹಾಕಲು ಕಲಿತುಬಿಡುತ್ತಾರೆ.

ಹಾಗಾದರೆ ಯಾವುದು ಕೆಲಸ ಮಾಡುತ್ತದೆ?

ಮೊದಲು ಪರೀಕ್ಷೆ. ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣುವುದಿಲ್ಲ, ಆದರೆ ಮೂಳೆ ಮುರಿದಿಲ್ಲ ಎಂಬುದು ಗೊತ್ತಾಗುತ್ತದೆ. ಮಂಡ್ಯದ ಮಿಮ್ಸ್ ಆಸ್ಪತ್ರೆಯ ಅಥವಾ ಬೆಂಗಳೂರಿನ ಸಂಜಯ್ ಗಾಂಧಿ ಆಸ್ಪತ್ರೆಯ ಮೂಳೆ ತಜ್ಞರು ಕೈಯಿಂದ ಮಂಡಿ ಎಳೆದು ನೋಡಿಯೇ ಬಹಳಷ್ಟು ಹೇಳಬಲ್ಲರು. ಬೇಕಿದ್ದರೆ ಎಂಆರ್‌ಐ.

ಅಪ್ಪಣೆ ಸಿಕ್ಕ ಮೇಲೆ ಶುರುವಾಗುವುದು ಊತ ಇಳಿಸುವುದು, ಮಂಡಿ ಪೂರ್ತಿ ನೇರ ಮಾಡುವುದು, ಆಮೇಲೆ ಸ್ನಾಯುವನ್ನು ಎಬ್ಬಿಸುವುದು. ಕಾಲು ಚಾಚಿ ಕೂತು, ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಒತ್ತುತ್ತಾ ತೊಡೆ ಬಿಗಿ ಮಾಡಿ ಐದು ಎಣಿಸಿ ಬಿಡುವುದು ಮೊದಲ ವ್ಯಾಯಾಮ. ನೋಡಲು ಏನೂ ಅಲ್ಲ ಅನ್ನಿಸುತ್ತದೆ, ಆದರೆ ಟ್ರಿಪ್ ಆದ ಸ್ಟಾರ್ಟರ್ ಎತ್ತುವುದು ಇದೇ. ಬಿಗಿಯಾಗದೇ ಇದ್ದರೆ ಫಿಸಿಯೋಥೆರಪಿಸ್ಟ್ ಕರೆಂಟ್ ಮೆಷಿನ್ ಹಚ್ಚಿ ಸ್ನಾಯು ಕುಗ್ಗಿಸುತ್ತಾರೆ. ಇದಕ್ಕೆ ಒಳ್ಳೆಯ ಆಧಾರವಿದೆ. ನಂತರ ಕಾಲು ನೇರವಾಗಿ ಎತ್ತುವುದು, ಸೈಕಲ್, ಅರ್ಧ ಬೈಠಕ್, ಕೊನೆಗೆ ನಿಜವಾದ ತೂಕ. ಹಲವರು ನಿಲ್ಲಿಸಿಬಿಡುವುದು ತೂಕದ ಹಂತಕ್ಕೆ ಮೊದಲೇ, ಸ್ನಾಯು ಮರಳಿ ಬೆಳೆಯುವುದು ಆ ಹಂತದಲ್ಲಿಯೇ. ಆಪರೇಷನ್ ಆದವರು ಯಾವ ವ್ಯಾಯಾಮ ಯಾವಾಗ ಎಂದು ತಮ್ಮ ಸರ್ಜನ್‌ರನ್ನೇ ಕೇಳಬೇಕು.

ಎಲ್ಲರಿಗೂ ಆಪರೇಷನ್ ಬೇಕೇ? ಸ್ವೀಡನ್‌ನಲ್ಲಿ 121 ಚಟುವಟಿಕೆಯ ಯುವಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬೇಗ ಆಪರೇಷನ್, ಇನ್ನೊಂದಕ್ಕೆ ಮೊದಲು ವ್ಯಾಯಾಮ, ಬೇಕಾದರೆ ಮುಂದೆ ಆಪರೇಷನ್ ಎಂದು ನೋಡಿದರು. 2010ರಲ್ಲಿ ಪ್ರಕಟವಾದ ಎರಡು ವರ್ಷಗಳ ಫಲಿತಾಂಶದಲ್ಲಿ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಹಂತದಲ್ಲಿದ್ದವು. ವ್ಯಾಯಾಮದ ಗುಂಪಿನಲ್ಲಿ ಆಪರೇಷನ್ ಮಾಡಿಸಿಕೊಂಡವರು ಸುಮಾರು 39% ಮಾತ್ರ. ಆದರೆ ಬದುವಿನ ಮೇಲೆ ತಿರುಗಿದಾಗಲೆಲ್ಲ ಮಂಡಿ ಕಳಚಿದಂತಾಗುವವರಿಗೆ, ಕಬಡ್ಡಿ ಬಿಡಲಾರೆ ಎನ್ನುವವರಿಗೆ ಆಪರೇಷನ್ ಪರವಾಗಿ ವಾದ ಬಲವಾಗಿದೆ. ಮಾಡಿಸಿಕೊಂಡರೂ ತೊಡೆ ತಾನಾಗಿ ಬೆಳೆಯದು, ಆಪರೇಷನ್ ಆದ ವಾರಗಳಲ್ಲಿ ಇನ್ನಷ್ಟು ಸಣ್ಣಗಾಗುತ್ತದೆ.

ಕ್ರಿಕೆಟಿಗ ರಿಷಭ್ ಪಂತ್ 2022ರ ಡಿಸೆಂಬರ್ 30ರ ಕಾರು ಅಪಘಾತದಲ್ಲಿ ಬಲ ಮಂಡಿಯ ಲಿಗಮೆಂಟ್ ಹರಿದುಕೊಂಡು, ಮುಂಬೈಯಲ್ಲಿ ಆಪರೇಷನ್ ಆಗಿ, ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಯಾರಾಗಿ ಐಪಿಎಲ್‌ಗೆ ಮರಳಿದ್ದು 2024ರ ಮಾರ್ಚ್‌ನಲ್ಲಿ. ಎಲ್ಲ ಸೌಲಭ್ಯವಿದ್ದೂ ಹತ್ತಿರಹತ್ತಿರ ಹದಿನೈದು ತಿಂಗಳು. ಅವರದು ದೊಡ್ಡ ಪೆಟ್ಟು, ನಿಜ. ಆದರೂ "ಎರಡು ತಿಂಗಳಲ್ಲಿ ಮೊದಲಿನ ಹಾಗೆ" ಎನ್ನುವ ಜಾಹೀರಾತು ಕಂಡಾಗ ಇದು ನೆನಪಿರಲಿ. ಎಸಿಎಲ್ ಆಪರೇಷನ್ ಆದವರಲ್ಲಿ ಒಂಬತ್ತು ತಿಂಗಳಿಗೆ ಮೊದಲೇ ಆಟಕ್ಕಿಳಿದವರಿಗೆ ಮತ್ತೆ ಪೆಟ್ಟಾಗುವುದು ಹೆಚ್ಚು ಎಂದು ನಾರ್ವೆಯ ಅಧ್ಯಯನ ತೋರಿಸಿದೆ. ಪೆಟ್ಟಾದ ಕಾಲಿನ ಶಕ್ತಿ ಇನ್ನೊಂದರ 90%ಗಾದರೂ ತಲುಪಿರಬೇಕು ಎಂಬುದು ಬಳಕೆಯಲ್ಲಿರುವ ಅಳತೆ. ಸುಮ್ಮನೆ ಕೂತಿದ್ದರಿಂದ ಒಳ್ಳೆಯ ಕಾಲೂ ಸೊರಗಿದ್ದರೆ ಈ ಹೋಲಿಕೆ ಮೋಸ ಮಾಡುತ್ತದೆ, ಅದಕ್ಕೇ ಎರಡೂ ಕಾಲಿಗೆ ವ್ಯಾಯಾಮ.

ಮನೆಯಲ್ಲಿ ಅಳೆಯಲು ಟೈಲರ್ ಟೇಪು ಸಾಕು. ಚಿಪ್ಪಿನ ಮೇಲಂಚಿನಿಂದ 10 ಸೆಂ.ಮೀ. ಮೇಲೆ ಎರಡೂ ಕಾಲಿಗೆ ಗುರುತು ಹಾಕಿ, ತಿಂಗಳಿಗೊಮ್ಮೆ ಸುತ್ತಳತೆ ಬರೆದಿಡಿ.

ಮೀನಖಂಡ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಜೊತೆಗೆ ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಪಾದ ಮೇಲೆತ್ತಲು ಆಗದಿದ್ದರೆ, ಜೋಮು ಹಿಡಿದಿದ್ದರೆ, ಮಂಡಿ ಮಡಚಿದಲ್ಲೇ ಸಿಕ್ಕಿಕೊಂಡರೆ, ಜ್ವರದೊಂದಿಗೆ ಮಂಡಿ ಕೆಂಪಾದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಪೆಟ್ಟೇ ಆಗದೆ ಕಾಲು ಸಣ್ಣಗಾಗುತ್ತಿದ್ದರೆ ಅದು ಬೇರೆಯೇ ಕಾಯಿಲೆ. ಮೇಲಿನ ವ್ಯಾಯಾಮಗಳನ್ನು ಅದಕ್ಕೆ ಫಾರ್ವರ್ಡ್ ಮಾಡಬೇಡಿ.